ಕೇಳದೆ ಬಂದು ಕೂತ ಎಐ: ವಿಂಡೋಸ್, ಮ್ಯಾಕ್, ಲಿನಕ್ಸ್ ಪೈಕಿ ನಿಮಗೆ ಯಾವುದು?

ಅಪ್‌ಡೇಟ್ ಮುಗಿದು ಕಂಪ್ಯೂಟರ್ ತೆರೆದರೆ ಟಾಸ್ಕ್‌ಬಾರ್‌ನಲ್ಲಿ ಹೊಸ ಐಕಾನ್. ಎರಡು ಸಾಲು ಗೀಚಿಕೊಳ್ಳಲು ನೋಟ್‌ಪ್ಯಾಡ್ ತೆರೆದರೆ ಅಲ್ಲೂ ತಿದ್ದಿ ಬರೆದುಕೊಡುವ ಬಟನ್. ವರ್ಡ್‌ನಲ್ಲಿ ಹೊಸ ಪುಟ ತೆಗೆದರೆ ಒಂದಕ್ಷರ ಬರೆಯುವ ಮೊದಲೇ ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್ ಎದುರಿಗೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಲಗಡೆಯ ಕಂಟ್ರೋಲ್ ಕೀ ಇದ್ದ ಜಾಗಕ್ಕೆ ಕೋಪೈಲಟ್ ಕೀ ಬಂದಿದೆ. ಇದನ್ನೆಲ್ಲ ಯಾರೂ ಕೇಳಿರಲಿಲ್ಲ. ಬೇಡ ಎನ್ನುವವರು ಎಲ್ಲಿ ಒತ್ತಬೇಕು ಎಂಬುದನ್ನೂ ಯಾರೂ ತೋರಿಸುವುದಿಲ್ಲ.

ಈ ಕಸಿವಿಸಿಗೆ ಕಾರಣವಿದೆ. ಆದರೆ ಆತುರಕ್ಕೆ ಬಿದ್ದು ಎಲ್ಲವನ್ನೂ ಅಳಿಸಿ ಬೇರೆ ಸಿಸ್ಟಂ ಹಾಕಿಕೊಂಡು, ವಾರದೊಳಗೆ ಪ್ರಿಂಟರ್ ಓಡದೆ, ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಕಡತ ತೆರೆಯದೆ ಹಳೆಯದಕ್ಕೇ ಮರಳುವವರು ಬಹಳ. ಹಾಗಾಗದಿರಲು ಯಾವ ದಾರಿಯಲ್ಲಿ ಏನು ಸಿಗುತ್ತದೆ, ಏನು ಕೈಬಿಡುತ್ತದೆ ಎಂದು ಮೊದಲೇ ತಿಳಿದಿರಬೇಕು.

ನೇರ ಉತ್ತರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇವೆ. ಟ್ಯಾಲಿ, ಪೇಜ್‌ಮೇಕರ್, ಫೋಟೋಶಾಪ್, ಡಿಜಿಟಲ್ ಸಹಿಯ ಟೋಕನ್ ಇವುಗಳಲ್ಲಿ ಒಂದನ್ನಾದರೂ ದಿನಾ ಬಳಸುವವರು ವಿಂಡೋಸ್ 11ರಲ್ಲೇ ಇದ್ದು ಒಂದು ಗಂಟೆ ಕೂತು ಸ್ವಚ್ಛ ಮಾಡಿಕೊಳ್ಳಿ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರವಿದ್ದು, ಕೆಲಸವೆಲ್ಲ ಬ್ರೌಸರ್ ಮತ್ತು ಪತ್ರ ಬರೆಯುವುದರಲ್ಲೇ ಮುಗಿಯುವುದಾದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಸಿಸ್ಟಂ. ಹೊಸದಕ್ಕೆ ದುಡ್ಡು ಹಾಕಲು ಸಿದ್ಧರಿದ್ದು, ಒಂದೇ ಸ್ವಿಚ್‌ನಲ್ಲಿ ಹೆಚ್ಚುಪಾಲು ಎಐ ಆಫ್ ಆಗಬೇಕು ಎನ್ನುವವರಿಗೆ ಮ್ಯಾಕ್. ಉಳಿದದ್ದು ವಿವರ.

ಎಐ ಇದೆಯೋ ಇಲ್ಲವೋ ಎಂಬುದಲ್ಲ ಪ್ರಶ್ನೆ

ಇಮೇಲ್‌ನ ಸ್ಪ್ಯಾಮ್ ಜರಡಿಯಿಂದ ಹಿಡಿದು ವಿಡಿಯೋ ಕರೆಯಲ್ಲಿ ಫ್ಯಾನಿನ ಸದ್ದು ಅಡಗಿಸುವುದರವರೆಗೆ ಎಐ ಎಷ್ಟೋ ವರ್ಷದಿಂದ ಇದ್ದೇ ಇದೆ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಪ್ರತಿಯೊಂದು ಹೊಸ ಸೌಲಭ್ಯಕ್ಕೂ ಕೇಳಬೇಕಾದದ್ದು ಮೂರೇ ಮಾತು. ಅದನ್ನು ಶುರು ಮಾಡುವವರು ನೀವೋ, ಅದು ತಾನಾಗಿ ಓಡುತ್ತದೋ? ನಿಮ್ಮ ಮಾಹಿತಿ ಯಂತ್ರದಲ್ಲೇ ಉಳಿಯುತ್ತದೋ, ಕಂಪನಿಯ ಸರ್ವರ್‌ಗೆ ಹೋಗುತ್ತದೋ? ತೆಗೆದುಹಾಕಿದರೆ ಮುಂದಿನ ಅಪ್‌ಡೇಟ್ ಆದಮೇಲೂ ತೆಗೆದ ಹಾಗೇ ಇರುತ್ತದೋ?

ವಿಂಡೋಸ್‌ನ ಮೂರು ಸೌಲಭ್ಯಗಳಿಗೆ ಈ ಪ್ರಶ್ನೆ ಹಾಕಿ ನೋಡಿ. ಕೇಳಿಬರುವ ಮಾತನ್ನು ಪರದೆಯಲ್ಲಿ ಅಕ್ಷರವಾಗಿ ತೋರಿಸುವ ಲೈವ್ ಕ್ಯಾಪ್ಷನ್ಸ್ ನೀವು ಶುರು ಮಾಡಿದರೆ ಮಾತ್ರ ಓಡುತ್ತದೆ, ಕೆಲಸವೆಲ್ಲ ಯಂತ್ರದೊಳಗೇ ಆಗುತ್ತದೆ. ಕಿವಿ ಮಂದವಿರುವವರಿಗೆ ಒಳ್ಳೆಯ ಉಪಯೋಗ, ತೆಗೆಯುವ ಕಾರಣವಿಲ್ಲ. ಕೋಪೈಲಟ್ ಆ್ಯಪ್ ಕೂಡ ನೀವು ಕೇಳಿದಾಗ ಮಾತ್ರ ಉತ್ತರಿಸುತ್ತದೆ, ಆದರೆ ನೀವು ಬರೆದದ್ದು ಸರ್ವರ್‌ಗೆ ಹೋಗುತ್ತದೆ. ಪರದೆಯ ಚಿತ್ರ ತೆಗೆದಿಡುವ ರೀಕಾಲ್ ಮಾತ್ರ ತಿರುಗುಮುರುಗು: ಏನೂ ಹೊರಗೆ ಹೋಗುವುದಿಲ್ಲ, ಆದರೆ ಒಮ್ಮೆ ಆನ್ ಮಾಡಿದರೆ ಮತ್ತೆ ನಿಮ್ಮನ್ನು ಕೇಳದೆ ಸದಾ ಓಡುತ್ತಿರುತ್ತದೆ. "ಎಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ, ಆದ್ದರಿಂದ ಸುರಕ್ಷಿತ" ಎಂಬ ಜಾಹೀರಾತಿನ ಮಾತಿಗೆ ಪೂರ್ತಿ ಬೆಲೆ ಕೊಡಬಾರದು ಎನ್ನುವುದು ಇದಕ್ಕೇ.

ರೀಕಾಲ್ ಎಂದರೆ ಏನು, ಎಲ್ಲಿ ಎಡವುತ್ತದೆ

ಮೈಕ್ರೋಸಾಫ್ಟ್ 2024ರ ಮೇ 20ರಂದು, ಎಐ ಕೆಲಸಕ್ಕೆ ಬಲವಾದ ಚಿಪ್ ಇರುವ ಕೋಪೈಲಟ್ ಪ್ಲಸ್ ಪಿಸಿಗಳ ಜತೆ ರೀಕಾಲ್ ಅನ್ನು ಘೋಷಿಸಿತು. ಪರದೆಯ ಮೇಲೆ ಕಾಣುವುದರ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದು, ಅದರಲ್ಲಿನ ಅಕ್ಷರಗಳನ್ನು ಓದಿ, ಮುಂದೆ ಹುಡುಕಲು ಬರುವಂತೆ ಜೋಡಿಸಿಡುವುದು ಅದರ ಕೆಲಸ. ಭದ್ರತಾ ಸಂಶೋಧಕರು ಬಿಡುಗಡೆಗೂ ಮೊದಲೇ ಅದನ್ನು ಬಿಚ್ಚಿ ನೋಡಿದಾಗ, ಓದಿದ ಅಕ್ಷರಗಳೆಲ್ಲ ಸಾದಾ ಡೇಟಾಬೇಸ್ ಕಡತದಲ್ಲಿ ಬೀಗವಿಲ್ಲದೆ ಕೂತಿದ್ದವು. ಗದ್ದಲವೆದ್ದು, ಜೂನ್ 7ರಂದು ಕಂಪನಿ ಅದನ್ನು 'ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಿ' ಎಂದು ಬದಲಿಸಿತು. ಕೊನೆಗೆ ಆ ಪಿಸಿಗಳಿಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಈಗ ಸಂಗ್ರಹಕ್ಕೆ ಗೂಢಲಿಪಿಯ ಬೀಗವಿದೆ, ತೆರೆಯಲು ವಿಂಡೋಸ್ ಹೆಲೋ ಎಂಬ ಗುರುತು ಪರೀಕ್ಷೆ ಬೇಕು, ಬೇಡವಾದರೆ ಪೂರ್ತಿ ತೆಗೆಯಲೂ ಬರುತ್ತದೆ. ಜನ ದನಿ ಎತ್ತಿದ್ದರಿಂದಲೇ ಇಷ್ಟು ಬದಲಾಯಿತು ಎಂಬುದನ್ನು ಮರೆಯಬೇಡಿ.

ಆದರೂ ಎರಡು ತೊಡಕು ಉಳಿದಿವೆ. ಕಾರ್ಡ್ ನಂಬರ್, ಪಾಸ್‌ವರ್ಡ್‌ಗಳಿರುವ ಪರದೆಯನ್ನು ಬಿಟ್ಟುಬಿಡುವ ಜರಡಿಯೊಂದಿದೆ. ಬ್ರೌಸರ್‌ನ ಪಾವತಿ ಪುಟದಲ್ಲಿ ಅದು ಕೆಲಸ ಮಾಡಿದರೂ, ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟ ಕಾರ್ಡ್ ನಂಬರನ್ನು ಹಿಡಿದಿಟ್ಟದ್ದು 2024ರ ಕೊನೆಯ ಪರೀಕ್ಷೆಗಳಲ್ಲಿ ಕಂಡುಬಂತು. ಇನ್ನೊಂದು, ವಿಂಡೋಸ್ ಹೆಲೋ ಎಂದರೆ ಮುಖ ಅಥವಾ ಬೆರಳಚ್ಚು ಮಾತ್ರವಲ್ಲ, ಪಿನ್ ಕೂಡ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಒಂದೇ ಲ್ಯಾಪ್‌ಟಾಪ್, ಒಂದೇ ಖಾತೆ, ಎಲ್ಲರಿಗೂ ಗೊತ್ತಿರುವ ನಾಲ್ಕಂಕಿಯ ಪಿನ್ ಎಂಬುದೇ ವಾಡಿಕೆ. ಅಲ್ಲಿ ರೀಕಾಲ್ ಆನ್ ಇದ್ದರೆ ಅಮ್ಮನ ಆಸ್ಪತ್ರೆಯ ವರದಿ, ಅಪ್ಪನ ಬ್ಯಾಂಕ್ ವ್ಯವಹಾರ, ಮಗಳ ಚಾಟ್ ಎಲ್ಲವೂ ಒಂದೇ ಡಬ್ಬಿಯಲ್ಲಿ, ಒಂದೇ ಪಿನ್‌ನ ಹಿಂದೆ. ರೀಕಾಲ್ ಇರಲಿ ಬಿಡಲಿ, ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಕೊಡುವುದು ಇದಕ್ಕಿರುವ ಮೊದಲ ಮದ್ದು.

ಅಲ್ಲದೆ ಎದುರಿನವರ ಯಂತ್ರದಲ್ಲಿ ರೀಕಾಲ್ ಇದ್ದರೆ ನೀವು ಕಳಿಸಿದ, ತಾನಾಗಿ ಅಳಿಯಬೇಕಿದ್ದ ಸಂದೇಶವೂ ಅಲ್ಲಿ ಚಿತ್ರವಾಗಿ ಉಳಿಯುತ್ತದೆ. ಸಂದೇಶ ಸೇವೆ ಸಿಗ್ನಲ್ 2025ರ ಮೇನಲ್ಲಿ ತನ್ನ ವಿಂಡೋಸ್ ಆ್ಯಪ್‌ನ ಪರದೆಯನ್ನು ರೀಕಾಲ್‌ಗೆ ಕಪ್ಪಾಗಿ ಕಾಣುವಂತೆ ಮಾಡಿದ್ದು ಈ ಕಾರಣಕ್ಕೆ. ಬ್ರೇವ್ ಬ್ರೌಸರ್ ಕೂಡ ಅದೇ ವರ್ಷ ತಡೆ ಹಾಕಿತು.

ನಿಮ್ಮ ಯಂತ್ರದಲ್ಲಿ ರೀಕಾಲ್ ಇರಲು ಸಾಧ್ಯವೇ ಎಂದು ತಿಳಿಯುವುದು ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ. ಅಲ್ಲಿ ಎನ್‌ಪಿಯು (ಎಐ ಲೆಕ್ಕಗಳಿಗೆಂದೇ ಇರುವ ಚಿಪ್) ಎಂಬ ಸಾಲೇ ಇಲ್ಲದಿದ್ದರೆ ರೀಕಾಲ್ ಇಲ್ಲ, ನಿಶ್ಚಿಂತೆಯಾಗಿರಿ. ಇದ್ದರೂ ಅದು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ, ಅಂದರೆ 40 ಟಾಪ್ಸ್ ಸಾಮರ್ಥ್ಯದ್ದಾಗಿರಬೇಕು, ಜತೆಗೆ 16 ಜಿಬಿ ರ್‍ಯಾಮ್ ಬೇಕು. 2022ರ ಐ5 ಲ್ಯಾಪ್‌ಟಾಪ್‌ನಲ್ಲಿ ರೀಕಾಲ್ ಗುಟ್ಟಾಗಿ ಓಡುತ್ತಿದೆ ಎನ್ನುವ ವಾಟ್ಸಾಪ್ ಸಂದೇಶ ಬಂದರೆ ನಂಬಬೇಡಿ.

ದಾರಿ ಒಂದು: ವಿಂಡೋಸ್ 11ರಲ್ಲೇ ಇದ್ದು ಸ್ವಚ್ಛ ಮಾಡುವುದು

ಮೊದಲು ಬ್ಯಾಕಪ್. ಆಮೇಲೆ ಈ ಕ್ರಮದಲ್ಲಿ ಹೋಗಿ. ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪೆಟ್ಟಿಗೆಯಲ್ಲಿ ಹುಡುಕಿ.

ಕೋಪೈಲಟ್ ಆ್ಯಪ್: ಸೆಟ್ಟಿಂಗ್ಸ್ > ಆ್ಯಪ್ಸ್ > ಇನ್‌ಸ್ಟಾಲ್ಡ್ ಆ್ಯಪ್ಸ್. ಕೋಪೈಲಟ್ ಎದುರಿನ ಮೂರು ಚುಕ್ಕೆ ಒತ್ತಿ ಅನ್‌ಇನ್‌ಸ್ಟಾಲ್ ಮಾಡಿ. ಟಾಸ್ಕ್‌ಬಾರ್‌ನಿಂದ ಐಕಾನ್ ಮಾತ್ರ ತೆಗೆದರೆ ಆ್ಯಪ್ ಹಾಗೇ ಇರುತ್ತದೆ.

ರೀಕಾಲ್: ಸೆಟ್ಟಿಂಗ್ಸ್ > ಪ್ರೈವಸಿ ಆ್ಯಂಡ್ ಸೆಕ್ಯುರಿಟಿ > ರೀಕಾಲ್ ಆ್ಯಂಡ್ ಸ್ನ್ಯಾಪ್‌ಶಾಟ್ಸ್. ಉಳಿಸುವುದನ್ನು ಆಫ್ ಮಾಡಿ, ಆಮೇಲೆ ಈಗಾಗಲೇ ಸೇರಿರುವುದನ್ನು ಅಳಿಸಿ. ಎರಡೂ ಬೇರೆ ಬೇರೆ ಬಟನ್. ಆಫ್ ಮಾಡಿದ ಮಾತ್ರಕ್ಕೆ ಹಳೆಯ ಚಿತ್ರಗಳು ಹೋಗುವುದಿಲ್ಲ. ಬುಡಸಮೇತ ಬೇಡವೆಂದರೆ ಸ್ಟಾರ್ಟ್‌ನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಹುಡುಕಿ, ಪಟ್ಟಿಯಲ್ಲಿ ರೀಕಾಲ್ ಎದುರಿನ ಗುರುತು ತೆಗೆದು ರೀಸ್ಟಾರ್ಟ್ ಮಾಡಿ. ಅದೇ ಪ್ರೈವಸಿ ಪುಟದಲ್ಲಿ ಪರದೆಯಲ್ಲಿರುವುದನ್ನು ಓದಿ ಮುಂದಿನ ಕೆಲಸ ಸೂಚಿಸುವ ಕ್ಲಿಕ್ ಟು ಡೂ ಎಂಬುದಿದ್ದರೆ ಅದನ್ನೂ ಆಫ್ ಮಾಡಬಹುದು.

ನೋಟ್‌ಪ್ಯಾಡ್: ಆ್ಯಪ್‌ನ ಒಳಗಿನ ಗೇರ್ ಗುರುತು ಒತ್ತಿದರೆ ಎಐ ಸೌಲಭ್ಯಗಳ ಸ್ವಿಚ್ ಇದೆ. ಇದು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಇಲ್ಲ, ಅಲ್ಲಿ ಹುಡುಕಿ ಸುಸ್ತಾಗುವುದು ಬೇಡ.

ವರ್ಡ್, ಎಕ್ಸೆಲ್: ಫೈಲ್ > ಆಪ್ಷನ್ಸ್ > ಕೋಪೈಲಟ್, ಅಲ್ಲಿ 'ಎನೇಬಲ್ ಕೋಪೈಲಟ್' ಗುರುತು ತೆಗೆಯಿರಿ. ಪ್ರತಿ ಆ್ಯಪ್‌ನಲ್ಲೂ ಬೇರೆಬೇರೆಯಾಗಿ ಮಾಡಬೇಕು. ವರ್ಡ್‌ನಲ್ಲಿ ತೆಗೆದದ್ದು ಎಕ್ಸೆಲ್‌ಗೆ ತಿಳಿಯುವುದಿಲ್ಲ.

ಕೋಪೈಲಟ್ ಕೀ: ಸೆಟ್ಟಿಂಗ್ಸ್ > ಪರ್ಸನಲೈಸೇಷನ್ > ಟೆಕ್ಸ್ಟ್ ಇನ್‌ಪುಟ್. ಅಲ್ಲಿ ಅದನ್ನು ಸರ್ಚ್‌ಗೆ ಬದಲಿಸಬಹುದು. ಮತ್ತೆ ಕಂಟ್ರೋಲ್ ಕೀ ಆಗಿಯೇ ಬೇಕೆಂದರೆ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್ ನೋಡಬಹುದು. ಆದರೆ ಆ ಕೀ ಒಂದು ಕೀ ಅಲ್ಲ. ಒತ್ತಿದಾಗ ವಿಂಡೋಸ್, ಶಿಫ್ಟ್, ಎಫ್23 ಮೂರನ್ನೂ ಒಟ್ಟಿಗೆ ಕಳಿಸುತ್ತದೆ. ಹಾಗಾಗಿ ಒತ್ತಿ ಹಿಡಿದು ಇನ್ನೊಂದು ಕೀ ಜತೆ ಬಳಸುವಾಗ ಕೆಲವು ಕೀಬೋರ್ಡ್‌ಗಳಲ್ಲಿ ತಡವರಿಸುತ್ತದೆ.

ಎಡ್ಜ್ ಬ್ರೌಸರ್: ಅದರದೇ ಸೆಟ್ಟಿಂಗ್ಸ್‌ನಲ್ಲಿ ಕೋಪೈಲಟ್ ಎಂದು ಹುಡುಕಿ ಬಟನ್ ಮರೆಮಾಡಿ.

ಕೊನೆಯದಾಗಿ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಹೊಸ ಅಪ್‌ಡೇಟ್ ಬಂದ ಕೂಡಲೇ ಕೊಡು' ಎಂಬ ಅರ್ಥದ ಸ್ವಿಚ್ ಆಫ್ ಇರಲಿ. ಭದ್ರತಾ ಅಪ್‌ಡೇಟ್‌ಗಳು ಇದರಿಂದ ನಿಲ್ಲುವುದಿಲ್ಲ. ಹೊಸ ಸೌಲಭ್ಯಗಳು ಮಾತ್ರ ಸ್ವಲ್ಪ ತಡವಾಗಿ ಬರುತ್ತವೆ.

ಇಲ್ಲಿ ತಪ್ಪುವುದು ಎಲ್ಲಿ? 2023–24ರ ಸಲಹೆಗಳನ್ನು ಈಗ ಅನುಸರಿಸುವುದರಲ್ಲಿ. ಆಗ ಕೋಪೈಲಟ್ ವಿಂಡೋಸ್‌ಗೇ ಅಂಟಿಕೊಂಡ ಪಕ್ಕದ ಪಟ್ಟಿಯಾಗಿತ್ತು; 'ಟರ್ನ್ ಆಫ್ ವಿಂಡೋಸ್ ಕೋಪೈಲಟ್' ಎಂಬ ಗ್ರೂಪ್ ಪಾಲಿಸಿ (ಯಂತ್ರದ ಉಸ್ತುವಾರಿಯವರು ಹಾಕುವ ನಿಯಮ) ಇದ್ದದ್ದು ಅದಕ್ಕೆ. ಈಗಿರುವುದು ಬೇರೆಯೇ ಆ್ಯಪ್, ಆ ಹಳೆಯ ಪಾಲಿಸಿ ಅದನ್ನು ಮುಟ್ಟುವುದಿಲ್ಲ. ಇನ್ನು ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿಯ ಕಿಟಕಿಯೇ ಇಲ್ಲ, ಅದು ಪ್ರೊ ಮತ್ತು ಅದರ ಮೇಲಿನವುಗಳಿಗೆ.

ಡಿವೈಸ್ ಮ್ಯಾನೇಜರ್‌ಗೆ ಹೋಗಿ ಎನ್‌ಪಿಯುವನ್ನೇ ನಿಷ್ಕ್ರಿಯ ಮಾಡಿ ಎಂಬ ಸಲಹೆಯೂ ಓಡಾಡುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ಕೋಪೈಲಟ್‌ನ ಮಾತುಕತೆ ಓಡುವುದು ದೂರದ ಸರ್ವರ್‌ನಲ್ಲಿ. ಎನ್‌ಪಿಯು ಆಫ್ ಮಾಡಿದರೆ ಅದಕ್ಕೇನೂ ಆಗುವುದಿಲ್ಲ. ನಿಲ್ಲುವುದು ವಿಡಿಯೋ ಕರೆಯಲ್ಲಿ ಹಿನ್ನೆಲೆ ಮಸುಕು ಮಾಡುವಂಥ, ಯಂತ್ರದೊಳಗೇ ಮುಗಿಯುವ ನಿರುಪದ್ರವಿ ಕೆಲಸಗಳು.

ಒಂದೇ ಕ್ಲಿಕ್‌ನಲ್ಲಿ ಎಲ್ಲ ಎಐ ತೆಗೆಯುವ ಸ್ಕ್ರಿಪ್ಟ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಸ್ಕ್ರಿಪ್ಟ್‌ನ ಪ್ರತಿ ಸಾಲು ಏನು ಮಾಡುತ್ತದೆ ಎಂದು ಓದಲು ಬಾರದವರು ಅದನ್ನು ಅಡ್ಮಿನ್ ಅನುಮತಿ ಕೊಟ್ಟು ಓಡಿಸಬಾರದು. ಹಲವು ಸ್ಕ್ರಿಪ್ಟ್‌ಗಳು ಸಿಸ್ಟಂನ ಪ್ಯಾಕೇಜ್‌ಗಳನ್ನು ಬಲವಂತವಾಗಿ ಕಿತ್ತುಹಾಕುತ್ತವೆ. ಮುಂದಿನ ದೊಡ್ಡ ಅಪ್‌ಡೇಟ್ ಅವು ಇರಬೇಕೆಂದು ನಿರೀಕ್ಷಿಸಿ ಅರ್ಧದಲ್ಲೇ ನಿಂತು ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಭದ್ರತಾ ಅಪ್‌ಡೇಟ್‌ಗಳೇ ಬರದೆ ಹೋಗಬಹುದು. ಅಂಥದ್ದನ್ನು ಬಳಸಲೇಬೇಕೆಂದಿದ್ದರೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ರೀಸ್ಟೋರ್ ಪಾಯಿಂಟ್ ಮಾಡಿಕೊಳ್ಳದೆ ಮುಟ್ಟಬೇಡಿ. ವಿಂಡೋಸ್‌ನ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ ಆವೃತ್ತಿಯಲ್ಲಿ ಇದ್ಯಾವುದೂ ಇರುವುದಿಲ್ಲ ನಿಜ, ಆದರೆ ಅದು ಸಂಸ್ಥೆಗಳಿಗೆ ಸಗಟು ಪರವಾನಗಿಯಲ್ಲಿ ಸಿಗುವಂಥದ್ದು. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಮಾರುವ ಕೀಗಳನ್ನು ನಂಬಿ ಮನೆಯ ಯಂತ್ರಕ್ಕೆ ಹಾಕಬೇಡಿ.

ಇನ್ನೊಂದು ಗುಮಾನಿಯನ್ನು ಇಲ್ಲೇ ಬಗೆಹರಿಸಬೇಕು. ನೀವು ವರ್ಡ್‌ನಲ್ಲಿ ಬರೆದದ್ದನ್ನೆಲ್ಲ 'ಕನೆಕ್ಟೆಡ್ ಎಕ್ಸ್‌ಪೀರಿಯೆನ್ಸಸ್' ಮೂಲಕ ಎಐ ತರಬೇತಿಗೆ ಎತ್ತಿಕೊಳ್ಳುತ್ತಾರೆ ಎಂಬ ಸುದ್ದಿ 2024ರ ನವೆಂಬರ್‌ನಲ್ಲಿ ಹರಡಿತ್ತು. ಮೈಕ್ರೋಸಾಫ್ಟ್ ಅದನ್ನು ನಿರಾಕರಿಸಿತು. ಆ ಸ್ವಿಚ್ ಇರುವುದು ಆನ್‌ಲೈನ್ ಚಿತ್ರ ಹುಡುಕುವುದು, ಜತೆಯಾಗಿ ತಿದ್ದುವುದು ಮುಂತಾದವಕ್ಕೆ. ಗ್ರಾಹಕರ ಕೋಪೈಲಟ್ ಆ್ಯಪ್‌ನಲ್ಲಿ ನಡೆಸಿದ ಮಾತುಕತೆ ಬೇರೆ ವಿಷಯ. ಅದನ್ನು ತರಬೇತಿಗೆ ಬಳಸಬೇಡಿ ಎನ್ನುವ ಸ್ವಿಚ್ ಕೋಪೈಲಟ್‌ನ ಪ್ರೊಫೈಲ್ > ಪ್ರೈವಸಿ ಅಡಿಯಲ್ಲಿದೆ, ಬಳಸುವವರು ಅದನ್ನು ನೋಡಿಕೊಳ್ಳಿ. ಕಚೇರಿಯ ಕಾಗದಪತ್ರ ಇಟ್ಟುಕೊಂಡವರಂತೂ ಈ ವ್ಯತ್ಯಾಸ ತಿಳಿದಿರಲೇಬೇಕು. ಕೇಂದ್ರ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ, ಕಚೇರಿಯ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬಾರದೆಂದು ತನ್ನ ಸಿಬ್ಬಂದಿಗೆ ಸೂಚಿಸಿತ್ತು. ಕಕ್ಷಿದಾರರ ದಾಖಲೆ ಇಟ್ಟುಕೊಳ್ಳುವ ವಕೀಲರು, ಲೆಕ್ಕಪರಿಶೋಧಕರು ಅದನ್ನೇ ಅಳತೆಗೋಲು ಮಾಡಿಕೊಂಡರೆ ತಪ್ಪಿಲ್ಲ.

ಆಫೀಸ್ ಚಂದಾದ ಬಗ್ಗೆ ಒಂದು ಮಾತು. 2025ರಲ್ಲಿ ಮೈಕ್ರೋಸಾಫ್ಟ್ 365ರ ವೈಯಕ್ತಿಕ ಮತ್ತು ಕುಟುಂಬದ ಚಂದಾಗಳಿಗೆ ಕೋಪೈಲಟ್ ಸೇರಿಸಿ ಬೆಲೆ ಏರಿಸಲಾಯಿತು. ಕೋಪೈಲಟ್ ಇಲ್ಲದ, ಹಳೆಯ ಬೆಲೆಯ 'ಕ್ಲಾಸಿಕ್' ಯೋಜನೆಯೂ ಇತ್ತು. ಆದರೆ ಚಂದಾ ರದ್ದು ಮಾಡಲು ಹೊರಟವರ ಕಣ್ಣಿಗೆ ಮಾತ್ರ ಅದು ಬೀಳುತ್ತಿತ್ತು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಇದೇ ಕಾರಣಕ್ಕೆ 2025ರ ಅಕ್ಟೋಬರ್‌ನಲ್ಲಿ ಕಂಪನಿಯನ್ನು ಕೋರ್ಟಿಗೆಳೆಯಿತು. ಸುಮಾರು 27 ಲಕ್ಷ ಗ್ರಾಹಕರನ್ನು ದಾರಿ ತಪ್ಪಿಸಲಾಗಿದೆ ಎಂಬುದು ಅದರ ಆರೋಪ. ನಿಮ್ಮ ಚಂದಾ ನವೀಕರಣದ ದಿನ ಹತ್ತಿರವಾದಾಗ ರದ್ದು ಮಾಡುವ ಪುಟದವರೆಗೆ ಹೋಗಿ ಏನೇನು ತೋರಿಸುತ್ತದೆ ಎಂದು ನೋಡಿ. ಕೊನೆಯ ಬಟನ್ ಒತ್ತುವ ತನಕ ಏನೂ ರದ್ದಾಗುವುದಿಲ್ಲ.

ದಾರಿ ಎರಡು: ವಿಂಡೋಸ್ 10ರಲ್ಲೇ ಉಳಿಯುವುದು

ಇದು ನೆಲೆಯಲ್ಲ, ತಂಗುದಾಣ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯಲ್ಲಿ 2026ರ ಅಕ್ಟೋಬರ್ 13ರವರೆಗೆ ಕಾಲಾವಕಾಶ ಕೊಡಲಾಗಿದೆ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಅನ್ನು ಆ ಖಾತೆಗೆ ಜೋಡಿಸಿದರೆ ಉಚಿತ, ಇಲ್ಲವಾದರೆ 30 ಡಾಲರ್ ಅಥವಾ 1000 ರಿವಾರ್ಡ್ಸ್ ಪಾಯಿಂಟ್. ಅಂದರೆ ಖಾಸಗಿತನ ಉಳಿಸಿಕೊಳ್ಳಲು ಇಲ್ಲಿ ನಿಂತವರು ಮೊದಲು ಖಾತೆ ಜೋಡಿಸಬೇಕಾಗುತ್ತದೆ. ಎಐ ಕಾಟ ಇಲ್ಲಿ ಕಡಿಮೆ, ರೀಕಾಲ್ ಇಲ್ಲವೇ ಇಲ್ಲ. ಆದರೆ ಅಪ್‌ಡೇಟ್ ನಿಂತ ಮೇಲೆ ಅದರಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದು ಎಐಗಿಂತ ದೊಡ್ಡ ಅಪಾಯ. ಸಿಕ್ಕ ಕಾಲಾವಕಾಶವನ್ನು ಮುಂದಿನ ದಾರಿಯ ತಯಾರಿಗೆ ಬಳಸಿ.

ದಾರಿ ಮೂರು: ಮ್ಯಾಕ್

ಆಪಲ್‌ನ ಎಐ ಸೌಲಭ್ಯಗಳ ಹೆಸರು ಆಪಲ್ ಇಂಟೆಲಿಜೆನ್ಸ್. ಅದು ಮ್ಯಾಕ್‌ಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಮ್ಯಾಕ್‌ನ ಸಿಸ್ಟಂ ಸೆಕೋಯಾದ 15.1ನೇ ಆವೃತ್ತಿಯ ಜತೆ. ಎಂ1 ಹಾಗೂ ಅದರ ನಂತರದ ಚಿಪ್ ಇರುವ ಮ್ಯಾಕ್‌ಗಳಿಗೆ ಮಾತ್ರ. ಮೊದಲು ಬೇಕಾದವರು ಆನ್ ಮಾಡಿಕೊಳ್ಳಬೇಕಿತ್ತು. 2025ರ ಜನವರಿಯ 15.3ರಿಂದ ತಾನಾಗಿ ಆನ್ ಆಗತೊಡಗಿತು. ಇಲ್ಲೂ ಅದೇ ಚಾಳಿ. ಆದರೆ ವ್ಯತ್ಯಾಸವೆಂದರೆ ಸಿಸ್ಟಂ ಸೆಟ್ಟಿಂಗ್ಸ್ > ಆಪಲ್ ಇಂಟೆಲಿಜೆನ್ಸ್ ಆ್ಯಂಡ್ ಸಿರಿ ಪುಟದ ಒಂದು ಸ್ವಿಚ್ ಆಫ್ ಮಾಡಿದರೆ ಬರೆಯುವ ಸಾಧನ, ಸಾರಾಂಶ, ಚಿತ್ರ ರಚನೆ ಎಲ್ಲವೂ ಒಟ್ಟಿಗೆ ಆಫ್. ವಿಂಡೋಸ್‌ನಂತೆ ಐದಾರು ಕಡೆ ಅಲೆಯಬೇಕಿಲ್ಲ. ದೊಡ್ಡ ಅಪ್‌ಡೇಟ್ ಆದಮೇಲೆ ಮಾತ್ರ ಆ ಸ್ವಿಚ್ ಮತ್ತೆ ನೋಡಿ.

ಆನ್ ಇಟ್ಟುಕೊಳ್ಳುವವರಿಗೆ ಎರಡು ವಿವರ. ಅದರ ಎಐ ಮಾದರಿಗಳಿಗೆ ಡಿಸ್ಕ್‌ನಲ್ಲಿ ಸುಮಾರು 7 ಜಿಬಿ ಜಾಗ ಬೇಕು. ಯಾವ ಕೋರಿಕೆ ಆಪಲ್‌ನ ಸರ್ವರ್‌ಗೆ ಹೋಯಿತು ಎಂದು ಪ್ರೈವಸಿ ಪುಟದಲ್ಲಿರುವ ಆಪಲ್ ಇಂಟೆಲಿಜೆನ್ಸ್ ರಿಪೋರ್ಟ್‌ನಿಂದ ಕಡತವಾಗಿ ಇಳಿಸಿಕೊಂಡು ನೋಡಬಹುದು. ಇಷ್ಟು ಪಾರದರ್ಶಕತೆ ವಿಂಡೋಸ್‌ನಲ್ಲಿ ಇಲ್ಲ, ಅದನ್ನು ಒಪ್ಪಲೇಬೇಕು. ಹಾಗೆಂದು ಎಲ್ಲವೂ ಸರಿಯಿದೆ ಎಂದಲ್ಲ: ಐಫೋನ್‌ನಲ್ಲಿ ಸುದ್ದಿಗಳ ಸಾರಾಂಶ ಮಾಡಹೋಗಿ ಬಿಬಿಸಿಯ ಹೆಸರಿನಲ್ಲಿ ಸುಳ್ಳು ತಲೆಬರಹ ತೋರಿಸಿದ ಮೇಲೆ, 2025ರ ಜನವರಿಯಲ್ಲಿ ಆಪಲ್ ಸುದ್ದಿ ಆ್ಯಪ್‌ಗಳ ಸಾರಾಂಶವನ್ನು ನಿಲ್ಲಿಸಬೇಕಾಯಿತು.

ಕನ್ನಡ ಟೈಪಿಂಗ್‌ಗೆ ಮ್ಯಾಕ್‌ನಲ್ಲೇ ಕೀಬೋರ್ಡ್ ಇದೆ, ಆದರೆ ನುಡಿ ತಂತ್ರಾಂಶ ವಿಂಡೋಸ್‌ನದು. ಬೆಲೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ರ್‍ಯಾಮ್ ಹೆಚ್ಚಿಸಲೂ ಬರುವುದಿಲ್ಲ.

ದಾರಿ ನಾಲ್ಕು: ಲಿನಕ್ಸ್ ಮಿಂಟ್

ಕೇಳದೆ ಬರುವ ಎಐ ಸಹಾಯಕ ಇಲ್ಲಿಲ್ಲ, ಖಾತೆ ಬೇಕಿಲ್ಲ, ಪೂರ್ತಿ ಉಚಿತ. ಮಿಂಟ್ 22 ಸರಣಿಗೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ. 4 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್. ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕ್ರಮ ಹೀಗೆ. ಸುಮಾರು 3 ಜಿಬಿಯ ಐಎಸ್‌ಒ ಕಡತ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಬರೆಯಿರಿ. ಯಂತ್ರ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್‌ನಿಂದ ತೆರೆಯಿರಿ. ಇನ್‌ಸ್ಟಾಲ್ ಮಾಡುವ ಮೊದಲು ಹಾಗೇ ಓಡಿಸಿ ನೋಡಲು ಬರುತ್ತದೆ. ವೈಫೈ, ಸ್ಪೀಕರ್, ವೆಬ್‌ಕ್ಯಾಮ್, ಪ್ರಿಂಟರ್, ನಿದ್ರೆಗೆ ಹೋಗಿ ಏಳುವುದು ಎಲ್ಲವನ್ನೂ ಪರೀಕ್ಷಿಸಿ. ಇಲ್ಲಿ ನಡೆಯದ್ದು ಇನ್‌ಸ್ಟಾಲ್ ಆದಮೇಲೂ ತಂತಾನೇ ನಡೆಯುವುದು ಅಪರೂಪ.

ವಿಂಡೋಸ್ ಜತೆಗೇ ಇಟ್ಟುಕೊಳ್ಳುವವರು ಎಡವುವುದು ನಾಲ್ಕು ಕಡೆ. ಮೊದಲನೆಯದು ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್. ಹೊಸ ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯಿಂದ ಹೊಂದಿಸಿದಾಗ ಡಿಸ್ಕ್‌ಗೆ ತಾನಾಗಿ ಬೀಗ ಹಾಕಿರುತ್ತದೆ. ರಿಕವರಿ ಕೀಯನ್ನು ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್ಸ್) ಮುಟ್ಟಿದರೆ ವಿಂಡೋಸ್ 48 ಅಂಕಿಯ ಕೀ ಕೇಳುತ್ತದೆ, ಇಲ್ಲದಿದ್ದರೆ ಒಳಗಿರುವುದೆಲ್ಲ ಹೋದಂತೆ. ಎರಡನೆಯದು ವಿಂಡೋಸ್ ಬೇಗ ತೆರೆಯಲೆಂದು ಇರುವ ಫಾಸ್ಟ್ ಸ್ಟಾರ್ಟಪ್. ಅದನ್ನು ಆಫ್ ಮಾಡದಿದ್ದರೆ ವಿಂಡೋಸ್ ಡ್ರೈವ್ ಮಿಂಟ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಮೂರನೆಯದು, ಡಿಸ್ಕ್ ನಿರ್ವಹಿಸುವ ಇಂಟೆಲ್ ಆರ್‌ಎಸ್‌ಟಿ ವಿಧಾನ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಕಾರಣ ಬಹುತೇಕ ಇದೇ. ಬಯಾಸ್‌ನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು. ಆದರೆ ವಿಂಡೋಸ್ ಅನ್ನು ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಹೊಂದಿಸದೆ ಬದಲಿಸಿದರೆ ಅದು ನೀಲಿ ಪರದೆ ತೋರಿಸಿ ಕೂರುತ್ತದೆ. ನಾಲ್ಕನೆಯದು ಎನ್‌ವಿಡಿಯಾ ಕಾರ್ಡ್: ಸಹಿಯಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಸಲ ತೆರೆಯುವಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಎನ್ನುತ್ತದೆ. ಹೆದರಿ ಮುಂದೆ ಹೋಗಬೇಡಿ, ಅಲ್ಲಿ ಅದೇ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಡ್ರೈವರ್ ಕೆಲಸ ಮಾಡುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ, ಕೀಬೋರ್ಡ್ > ಲೇಔಟ್ಸ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಸಿದ್ಧವಾಗಿಯೇ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಬಹುಪಾಲು ಅದೇ ಜೋಡಣೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಬರೆಯುವವರು ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಾಧನಗಳನ್ನು ಹಾಕಿಕೊಂಡು ಐಟ್ರಾನ್ಸ್ ಆಯ್ದುಕೊಳ್ಳಿ. ನಿಜವಾದ ಪೇಚು ಹಳೆಯ ಕಡತಗಳದು. ಯೂನಿಕೋಡ್‌ಗೂ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದದ್ದು ಮಿಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ತಾಳೆ ನೋಡಿ, ಆಮೇಲೆ ಸಾಗಿಸಿ.

ಪ್ರಿಂಟರ್‌ಗಳಲ್ಲಿ ಎಚ್‌ಪಿಯವು ಸಾಮಾನ್ಯವಾಗಿ ಸಲೀಸು. ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಇರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಲೆನೋವು. ಅದರ ಡ್ರೈವರ್ ವಿಧಾನವೇ ಬೇರೆ. ಟ್ಯಾಲಿ, ಪೇಜ್‌ಮೇಕರ್, ಫೋಟೋಶಾಪ್ ಇಲ್ಲಿ ಓಡಿಸಲು ಹೆಣಗಬೇಡಿ. ಅವು ಬೇಕಿದ್ದರೆ ಮಿಂಟ್ ನಿಮ್ಮ ದಾರಿಯಲ್ಲ.

ಕ್ರೋಮ್‌ಬುಕ್ ಬಗ್ಗೆ ಕೇಳುವವರಿಗೆ: ಎಐನಿಂದ ದೂರವಿರಲು ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಗೂಗಲ್ ಖಾತೆಯೇ ಅದರ ಜೀವ, ಕ್ರೋಮ್‌ಬುಕ್ ಪ್ಲಸ್‌ನ ಮಾರಾಟವೇ ಗೂಗಲ್‌ನ ಎಐ ಜೆಮಿನಿ ಹೆಸರಿನಲ್ಲಿ.

ಸಿಸ್ಟಂ ಬದಲಿಸಿದರೂ ಹಿಂದೆ ಬರುವುದು ಬ್ರೌಸರ್

ಮಿಂಟ್ ಹಾಕಿ ಅದರ ಮೇಲೆ ಕ್ರೋಮ್ ಹಾಕಿದರೆ ಗೂಗಲ್‌ನ ಎಐ ಜತೆಗೇ ಬರಬಹುದು. ಯಂತ್ರ ಸಾಕಷ್ಟು ಬಲಶಾಲಿಯಾಗಿದ್ದರೆ ಕ್ರೋಮ್ ಜೆಮಿನಿ ನ್ಯಾನೋ ಮಾದರಿಯನ್ನೇ ಡಿಸ್ಕ್‌ಗೆ ಇಳಿಸಿಕೊಳ್ಳಬಲ್ಲದು. ಅದಕ್ಕೆ ಕನಿಷ್ಠ 22 ಜಿಬಿ ಖಾಲಿ ಜಾಗ ಬೇಕು, ಜಾಗ 10 ಜಿಬಿಗಿಂತ ಕೆಳಗಿಳಿದರೆ ತಾನಾಗಿ ಅಳಿಯುತ್ತದೆ. ಡಿಸ್ಕ್ ಜಾಗ ಇದ್ದಕ್ಕಿದ್ದಂತೆ ಕಡಿಮೆಯಾದಂತೆ ಕಂಡರೆ ಇದನ್ನೂ ಅನುಮಾನಿಸಿ. ಫೈರ್‌ಫಾಕ್ಸ್ 2026ರ ಫೆಬ್ರುವರಿಯ 148ನೇ ಆವೃತ್ತಿಯಿಂದ ಎಲ್ಲ ಎಐ ಸೌಲಭ್ಯಗಳನ್ನು ಒಟ್ಟಿಗೆ ತಡೆಯುವ ಸ್ವಿಚ್ ಕೊಟ್ಟಿದೆ, ಮುಂದೆ ಬರುವವಕ್ಕೂ ಅದು ಅನ್ವಯಿಸುತ್ತದೆ. ಎಲ್ಲ ಕಂಪನಿಗಳೂ ಮಾಡಬೇಕಿದ್ದದ್ದು ಇದು. ಬ್ರೌಸರ್ ಬದಲಿಸುವುದು ಐದು ನಿಮಿಷದ ಕೆಲಸ. ಸಿಸ್ಟಂ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ, ನಿಮ್ಮ ಅಸಮಾಧಾನ ಅರ್ಧ ಇಲ್ಲೇ ಇಳಿಯಬಹುದು.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ನೋಡಬೇಕಾದ್ದು

'ಎಐ ಪಿಸಿ' ಎಂಬ ಚೀಟಿಗೂ 'ಕೋಪೈಲಟ್ ಪ್ಲಸ್ ಪಿಸಿ'ಗೂ ವ್ಯತ್ಯಾಸವಿದೆ. ಇಂಟೆಲ್ ಕೋರ್ ಅಲ್ಟ್ರಾದ ಮೊದಲ ಪೀಳಿಗೆಯ ಎನ್‌ಪಿಯು ಸುಮಾರು 11 ಟಾಪ್ಸ್. ಅದರಲ್ಲಿ ರೀಕಾಲ್ ಬರುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ರೈಜನ್ ಎಐ 300, ಕೋರ್ ಅಲ್ಟ್ರಾ 200ವಿ ಇವು 40ರ ಗಡಿ ದಾಟಿದವು. ಗಡಿ ದಾಟಿದೆ ಎಂದು ಅದನ್ನು ಬಿಟ್ಟುಬಿಡಬೇಕಿಲ್ಲ, ಬ್ಯಾಟರಿ ಬಾಳಿಕೆಯಲ್ಲಿ ಇವು ಚೆನ್ನಾಗಿವೆ, ರೀಕಾಲ್ ತೆಗೆಯಲು ಬರುತ್ತದೆ. ಎಐ ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ ಅಷ್ಟೆ. ಸ್ನ್ಯಾಪ್‌ಡ್ರ್ಯಾಗನ್ ಆದರೆ ನಿಮ್ಮ ಪ್ರಿಂಟರ್‌ಗೂ ಡಿಜಿಟಲ್ ಸಹಿ ಟೋಕನ್‌ಗೂ ಆರ್ಮ್ ಡ್ರೈವರ್ (ಆ ಬಗೆಯ ಚಿಪ್‌ಗೆ ತಕ್ಕ ಡ್ರೈವರ್) ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಮಾಮೂಲಿ ವಿಂಡೋಸ್ ಡ್ರೈವರ್ ಅದರಲ್ಲಿ ಕೂರುವುದಿಲ್ಲ.

ರ್‍ಯಾಮ್ ವಿಷಯದಲ್ಲಿ ಮಾತ್ರ ಎಐ ಎಲ್ಲರ ಜೇಬಿಗೂ ಕೈ ಹಾಕಿದೆ. ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿತು. ಮೈಕ್ರಾನ್ ಆ ಡಿಸೆಂಬರ್‌ನಲ್ಲಿ, ಮನೆಬಳಕೆಯವರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡ್ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ 'ಈಗ 8 ಜಿಬಿ ತಗೊಳ್ಳಿ, ಆಮೇಲೆ ಸೇರಿಸಬಹುದು' ಎಂಬ ಅಂಗಡಿಯವರ ಮಾತಿಗೆ ಎರಡು ಪ್ರಶ್ನೆ ಹಾಕಿ: ಇದರಲ್ಲಿ ಖಾಲಿ ಸ್ಲಾಟ್ ಇದೆಯೇ, ರ್‍ಯಾಮ್ ಬೋರ್ಡ್‌ಗೇ ಬೆಸುಗೆಯಾಗಿದೆಯೇ? ಬೆಸುಗೆಯಾಗಿದ್ದರೆ 16 ಜಿಬಿಯದನ್ನೇ ಕೊಳ್ಳಿ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಇದ್ದು ಪ್ರೊಸೆಸರ್ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ್ದಾಗಿದ್ದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿಯೇ ಸಿಗುತ್ತದೆ. ಅಂಥದ್ದಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ, ಮೇಲೆ ಹೇಳಿದಂತೆ ಸ್ವಚ್ಛ ಮಾಡಿಕೊಂಡರೆ ಈ ವರ್ಷ ಹೊಸದರ ಮಾತೇ ಬರುವುದಿಲ್ಲ.